ಎಕ್ಕಿಯ ಪರ ವಕಾಲತ್ತು

ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದವರು ಯಾವಗಲ್ಲಿನ ಕಡೆ ಬಂದಿರಲಿಕ್ಕಿಲ್ಲ. ಇಲ್ಲಿ ಬದುವಿನ ಮೇಲಿನ ಹಸಿ ಎಕ್ಕಿಯನ್ನು ಆಡು ಮೂಸಿ, ಮಾರಿ ತಿರುವಿ ಮುಂದೆ ಹೋಗುತ್ತದೆ. ಅಂಥ ಗಿಡದ ಪರ ವಾದಕ್ಕಿಳಿಯುವುದು ಹುಚ್ಚೇ ಸರಿ. ಆದರೂ ಹೇಳುತ್ತೇನೆ: ರೋಣದ ಎರಿ ಸೀಮೆಯಲ್ಲಿ ಎಕ್ಕಿಯಷ್ಟು ಸ್ವಾಭಿಮಾನಿ ಮತ್ತೊಂದಿಲ್ಲ. ಹತ್ತಿಗೆ ಔಷಧಿ ಹೊಡೆಯಬೇಕು, ಕಡಲೆಗೆ ಬೆಂಬಲ ಬೆಲೆ ಬೇಕು. ಎಕ್ಕಿ ಯಾರ ಬಾಗಿಲಿಗೂ ಹೋಗಿಲ್ಲ. ಮಲಪ್ರಭೆಯ ನೀರು ಮುಟ್ಟದ ಹೊಲಕ್ಕೂ ಸರಕಾರ ಅಭಿವೃದ್ಧಿ ಕರ ಕೇಳಿದ್ದಕ್ಕೆ ನರಗುಂದ, ನವಲಗುಂದದ ರೈತರು 1980ರಲ್ಲಿ ಬಂಡೆದ್ದರು, ಜುಲೈ 21ರಂದು ಗುಂಡಿಗೂ ಎದೆಯೊಡ್ಡಿದರು. ಅಂಥ ಸರಕಾರಕ್ಕೂ ಎಕ್ಕಿಯ ಹೆಸರಿಗೆ ನೋಟಿಸು ಕಳಿಸಲು ಆಗಲಿಲ್ಲ.

ವಿಷದ ಗಿಡವಲ್ಲವೇ ಎನ್ನುತ್ತೀರಿ. ಹೌದು, ಅದರ ಹಾಲಿನಲ್ಲಿ ಹೃದಯದ ಬಡಿತ ಕೆಡಿಸುವ ವಿಷವಿದೆ. ಆದರೆ ಪ್ಲೇನ್ ಟೈಗರ್ ಚಿಟ್ಟೆಯ ಹುಳು ಅದನ್ನೇ ಮೇಯ್ದು, ವಿಷವನ್ನು ಮೈಯಲ್ಲಿಟ್ಟುಕೊಂಡು ಹಕ್ಕಿಗಳಿಂದ ಬಚಾವಾಗುತ್ತದೆ. ಉಪಯೋಗವೇನು ಎಂದರೆ, ಶನಿವಾರ ಹನುಮಪ್ಪನಿಗೆ ಮಾಲೆ, ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆ. ದೇವರಿಗೆ ಒಪ್ಪಿಗೆಯಾದದ್ದು ನಮಗೇಕೆ ಕಸ?

ಇನ್ನು ಅರ್ಕವಿವಾಹ, ಅಂದರೆ ಎಕ್ಕಿ ಗಿಡದ ಜೊತೆ ಮದುವೆ. ಇಬ್ಬರು ಹೆಂಡಂದಿರು ತೀರಿಕೊಂಡವನಿಗೆ ಮೂರನೆಯ ಮದುವೆ ಕೇಡಂತೆ. ಆದ್ದರಿಂದ ಆ ಕೇಡನ್ನು ಎಕ್ಕಿಯ ತಲೆಗೆ ಕಟ್ಟಿ, ಹೆಣ್ಣನ್ನು ನಾಲ್ಕನೆಯವಳಾಗಿ ತರುವುದು. ದೃಶ್ಯ ನೋಡಿ. ವರ ರುಮಾಲು ಸುತ್ತಿ ಗಿಡದ ಮುಂದೆ ಕೂತಿದ್ದಾನೆ. ವಧುವಿಗೆ ಅರಿಷಿಣ, ಕುಂಕುಮ, ಮೈಗೊಂದು ದಾರ. ಹೆಣ್ಣಿನ ಕಡೆಯವರೆಂದರೆ ಅಕ್ಕಪಕ್ಕದ ನಾಲ್ಕು ಎಕ್ಕಿ. ವರದಕ್ಷಿಣೆಯ ಚೌಕಾಸಿಯಿಲ್ಲ, ಪಾಯಸದಲ್ಲಿ ಗೋಡಂಬಿ ಕಮ್ಮಿಯೆಂದು ಬೀಗರ ಮುನಿಸಿಲ್ಲ. ಓಲಗದವರ ಹಾಗೆ ಕರೀ ದುಂಬಿ ಬಂದು ಹೂವಿನ ನಡುವಿನ ಕಿರೀಟದ ಮೇಲೆ ಕೂರುತ್ತದೆ. ಅದರ ಕಾಲಿಗೆ ಎಕ್ಕಿ ಪರಾಗದ ಗಂಟು ಸಿಕ್ಕಿಸಿ ಇನ್ನೊಂದು ಹೂವಿಗೆ ಕಳಿಸುತ್ತದೆ. ಅಂದರೆ ವಧು ತನ್ನ ಸಂಬಂಧ ತಾನೇ ಕುದುರಿಸಿಕೊಳ್ಳುತ್ತಿದ್ದಾಳೆ, ಅದೂ ವರನ ಮೂಗಿನ ಕೆಳಗೇ! ಅಕ್ಷತೆ ಬಿದ್ದ ಮೇಲೆ ವರ ಊರಿಗೆ, ವಧು ಬದುವಿಗೆ. ಮನೆ ತುಂಬಿಸಿಕೊಳ್ಳುವ ಮಾತೇ ಇಲ್ಲ.

ಹಳೆಯ ನಂಬಿಕೆ, ಬಿಡಿ ಎನ್ನಬಹುದು. ನಗುತ್ತಾ ಬಿಡಬಹುದಿತ್ತು. ಆದರೆ ಇಬ್ಬರನ್ನು ಕಳೆದುಕೊಂಡ ಗಂಡಸಿಗೆ ಗಿಡ ಹುಡುಕಿಕೊಟ್ಟ ಶಾಸ್ತ್ರ, ಒಬ್ಬನನ್ನು ಕಳೆದುಕೊಂಡ ಹೆಂಗಸಿಗೆ ಒಂದು ಹುಲ್ಲುಕಡ್ಡಿಯನ್ನೂ ತೋರಿಸಲಿಲ್ಲ. ಈ ವ್ಯವಹಾರದಲ್ಲಿ ಮರ್ಯಾದೆ ಉಳಿಸಿಕೊಂಡದ್ದು ಎಕ್ಕಿಯೊಂದೇ.

ಬದು ಹಸನು ಮಾಡುವಾಗ ಒಂದೆರಡು ಎಕ್ಕಿ ಉಳಿಸಿ. ಕಡಿಯಲೇಬೇಕೆಂದರೆ ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ದೃಷ್ಟಿಗೇ ಅಪಾಯ.