ಗೈಡು ಬರೆಯುವವರ ಪರವಾಗಿ ಪ್ರಾಧ್ಯಾಪಕರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಪ್ರಾಧ್ಯಾಪಕರೇ,

ಶಾಲೆಯ ಪಠ್ಯಪುಸ್ತಕ ನಿಮ್ಮಂಥ ವಿದ್ವಾಂಸರು ಕೈಹಾಕುವ ಕೆಲಸವಲ್ಲ ಎಂದು ನೀವು ತೀರ್ಮಾನಿಸಿ ಬಹಳ ಕಾಲವಾಯಿತು. ಅದಕ್ಕಾಗಿ ಮೈಸೂರಿನ ಕುಂಬಾರಕೊಪ್ಪಲಿನ ಪರವಾಗಿ ಕೃತಜ್ಞತೆಗಳು. ನೀವು ಬಿಟ್ಟುಕೊಟ್ಟ ಜಾಗದಲ್ಲಿ ಗೈಡು ಬರೆಯುವವರು ಸುಖವಾಗಿದ್ದಾರೆ. ಪಠ್ಯಪುಸ್ತಕ ಮಕ್ಕಳ ಕೈಗೆ ಬರುವುದು ತಡವಾದರೂ ನಮ್ಮ ಬೀದಿಯ ಅಂಗಡಿಗೆ ಗೈಡು ತಡವಾಗಿ ಬಂದದ್ದಿಲ್ಲ. ಕರ್ತವ್ಯನಿಷ್ಠೆ ಎಂದರೆ ಅದು!

ಹೆಬ್ಬಾಳ, ಮೇಟಗಳ್ಳಿಯ ಕಾರ್ಖಾನೆಗಳಿಗೆ ಹೋಗುವವರ ಮಕ್ಕಳು ಸಂಜೆ ನನ್ನಲ್ಲಿಗೆ ಮನೆಪಾಠಕ್ಕೆ ಬರುತ್ತಾರೆ. ಹತ್ತನೆಯ ತರಗತಿಗೆ ರನ್ನನ ಗದಾಯುದ್ಧದ ಒಂದು ಭಾಗವಿದೆ. ಗೈಡಿನಲ್ಲಿ ಅದರ ಸಾರಾಂಶ ಒಂದೇ ಪ್ಯಾರಾ. ಪಕ್ಕದಲ್ಲಿ ಮೂರು ನಕ್ಷತ್ರ, ಅಂದರೆ ಪರೀಕ್ಷೆಗೆ ಬಂದೇ ಬರುತ್ತದೆ. ಮೊನ್ನೆ ಒಬ್ಬಳು ಹುಡುಗಿ, "ಸಾರ್, ದುರ್ಯೋಧನ ಕೆಟ್ಟವನಲ್ವಾ? ಮತ್ತೆ ಓದ್ತಾ ಓದ್ತಾ ಯಾಕೆ ಪಾಪ ಅನ್ಸುತ್ತೆ?" ಎಂದು ಕೇಳಿದಳು. ಗೈಡಿನಲ್ಲಿ ಉತ್ತರವಿಲ್ಲ, ಆ ಪ್ರಶ್ನೆಗೆ ಅಂಕವಿಲ್ಲವಲ್ಲ. ನಿಮ್ಮ ಸಂಶೋಧನಾ ಲೇಖನದಲ್ಲಿ ಖಂಡಿತ ಇರುತ್ತದೆ, ಅಡಿಟಿಪ್ಪಣಿಗಳ ಸಮೇತ. ಎಂ.ಎ. ಮುಗಿಸುವವರೆಗೆ ಅವಳು ಕಾಯಲಿ ಬಿಡಿ.

ಹಿಂದಿನವರಿಗೆ ಈ ಅಂತಸ್ತಿನ ಅರಿವು ಸಾಲದಾಗಿತ್ತು. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ.ಶ್ರೀ. ಇದೇ ರನ್ನನ ಕಾವ್ಯವನ್ನು ನಾಟಕಕ್ಕೆ ಅಳವಡಿಸುವ ಉಸಾಬರಿಗೆ ಹೋದರು. 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ.ಶ್ರೀ. ಶಾಲೆಯ ಮಕ್ಕಳಿಗೆಂದು 'ಕನ್ನಡ ಮಧ್ಯಮ ವ್ಯಾಕರಣ'ವನ್ನೂ ಬರೆದರು. ಕಾವ್ಯಮೀಮಾಂಸಕ ಆನಂದವರ್ಧನನನ್ನು ಅರೆದು ಕುಡಿದವರಿಗೆ ಸಂಧಿ ಸಮಾಸಗಳಿಗೆ ಉದಾಹರಣೆ ಹುಡುಕಿಕೊಂಡು ಕೂರುವ ಕರ್ಮ ಏಕೆ ಬೇಕಿತ್ತೋ! ಅತ್ತ ಮಂಗಳೂರಿನ ಕಡೆ ಪಂಜೆ ಮಂಗೇಶರಾಯರು ಮಕ್ಕಳಿಗೆ ಪದ್ಯ, ಕಥೆ ಬರೆದುಕೊಂಡಿದ್ದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಂಥವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಕಾಲವೇ ಹಾಗಿತ್ತು.

ನೀವು ದೂರ ಉಳಿದದ್ದರಿಂದ ಸರ್ಕಾರಗಳಿಗೂ ಅನುಕೂಲವಾಯಿತು. 2022ರಲ್ಲಿ ಪಠ್ಯಪುಸ್ತಕಗಳ ಪರಿಷ್ಕರಣೆ, 2023ರಲ್ಲಿ ಸರ್ಕಾರ ಬದಲಾಯಿತು, ಮತ್ತೊಮ್ಮೆ ಪರಿಷ್ಕರಣೆ. ಮೊದಲನೆಯ ಗಲಾಟೆಯಲ್ಲಿ ನಮ್ಮ ಮೈಸೂರಿನ ದೇವನೂರ ಮಹಾದೇವ ಅವರು ಹತ್ತನೆಯ ತರಗತಿಯ ತಮ್ಮ ಪಾಠಕ್ಕೆ ಕೊಟ್ಟಿದ್ದ ಅನುಮತಿಯನ್ನೇ ವಾಪಸು ಪಡೆದರು. ನೀವು ಆಗ ವಿಚಾರ ಸಂಕಿರಣವೊಂದರಲ್ಲಿ ಸಾಹಿತ್ಯ ಬೋಧನೆಯ ಸವಾಲುಗಳ ಬಗ್ಗೆ ಪ್ರಬಂಧ ಮಂಡಿಸುತ್ತಿದ್ದಿರಿ. ಊಟ ಚೆನ್ನಾಗಿತ್ತೆಂದು ಕೇಳಿದ್ದೇನೆ.

ಬಡ್ತಿಗೆ ಲೆಕ್ಕಕ್ಕೆ ಬಾರದ ಒಂದು ಕೆಲಸ ಹೇಳುತ್ತೇನೆ, ಸಿಟ್ಟಾಗಬೇಡಿ. ರನ್ನನ ಆ ಪದ್ಯಗಳ ಮೇಲೆ ಹತ್ತನೆಯ ತರಗತಿಯ ಹುಡುಗಿ ತಾನೇ ಓದಿ ತಿಳಿದುಕೊಳ್ಳುವಂತೆ ಎರಡು ಪುಟ ಬರೆದುಕೊಡಿ. ದುರ್ಯೋಧನನ ವಿಷಯ ಬಿಡಬೇಡಿ. ಪರೀಕ್ಷೆ ಮಾರ್ಚಿನಲ್ಲಿ, ಅದಕ್ಕೆ ಮೊದಲು ತಲುಪಿದರೆ ಸಾಕು.

ಇತಿ,
ಕುಂಬಾರಕೊಪ್ಪಲಿನ ಮನೆಪಾಠದ ಮೇಷ್ಟ್ರು