ರೋಲರ್‌ಪುರದ ಮೈಲೇಜು

ನಮ್ಮ ದೇಶದಲ್ಲಿ ಒಂದು ಊರಿದೆ. ಉದ್ದ ಹತ್ತೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು. ಈ ತುದಿಯಿಂದ ಆ ತುದಿಗೆ ಹೋಗಲು 1180 ಸೆಕೆಂಡು ಸಾಕು, ಅಂದರೆ ಇಪ್ಪತ್ತು ನಿಮಿಷವೂ ಬೇಡ. ಪೇಟೆಯೊಳಗೆ ಯಾರೂ 50ರ ಮೇಲೆ ಓಡಿಸುವುದಿಲ್ಲ, ಊರಾಚೆ 90 ದಾಟುವುದಿಲ್ಲ. ಉಬ್ಬಿಲ್ಲ, ಗುಂಡಿಯಿಲ್ಲ, ಏರಿಲ್ಲ. ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗುವ ಟೆಂಪೋ ಇಲ್ಲ. ಹವೆ ಸದಾ 20ರಿಂದ 30 ಡಿಗ್ರಿಯೊಳಗೆ, ಆದ್ದರಿಂದ ಏಸಿ ಹಾಕುವ ಪದ್ಧತಿಯೂ ಇಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಕೂರುವುದಿಲ್ಲ. ಡಿಕ್ಕಿಯಲ್ಲಿ ಊರಿಂದ ತಂದ ಅಕ್ಕಿ ಮೂಟೆ, ತೆಂಗಿನಕಾಯಿ ಇರುವುದಿಲ್ಲ.

ಈ ಊರಿನ ಸರ್ಕಾರಿ ಹೆಸರು ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್. ನಾನು ರೋಲರ್‌ಪುರ ಅನ್ನುತ್ತೇನೆ. ಪುಣೆಯ ಎಆರ್‌ಎಐ ಮೊದಲಾದ ಸಂಸ್ಥೆಗಳ ಪ್ರಯೋಗಾಲಯಗಳಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ವೇಳಾಪಟ್ಟಿ ಹಿಡಿದು ಓಡಿಸಿ, ಹೊಗೆ ಅಳೆದು, ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಬರೆದುಕೊಡುತ್ತಾರೆ. ಯುರೋಪಿನ ಹಳೆಯ ಪರೀಕ್ಷೆಯೊಂದರ ಗರಿಷ್ಠ ವೇಗವನ್ನು 120ರಿಂದ 90ಕ್ಕೆ ಇಳಿಸಿದರೆ ಅದು ಇಂಡಿಯನ್ ಆಗುತ್ತದೆ. ಯುರೋಪಿನವರು ಆ ಪರೀಕ್ಷೆಯನ್ನು ನಂಬಲಾಗದೆ 2017ರಿಂದ ಬೇರೆಯದಕ್ಕೆ ಹೊರಟುಹೋದರು. ನಾವು ಹಳೆಯ ಮನೆಯನ್ನು ಅಷ್ಟು ಸುಲಭಕ್ಕೆ ಖಾಲಿ ಮಾಡುವ ಜನವಲ್ಲ.

ರೋಲರ್‌ಪುರಕ್ಕೂ ಬೆಂಗಳೂರಿಗೂ ಒಂದು ಸಾಮ್ಯ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಎರಡೂ ಕಡೆ ಕಾರು ನಿಂತಲ್ಲೇ ನಿಂತಿರುತ್ತದೆ. ಅಲ್ಲಿ ಚಕ್ರ ತಿರುಗುತ್ತದೆ, ಇಲ್ಲಿ ಇಂಜಿನ್ ಮಾತ್ರ. ಅಲ್ಲಿನ ಸರಾಸರಿ ವೇಗ ಗಂಟೆಗೆ 32 ಕಿಲೋಮೀಟರ್. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಹೋಗಲು ಹಿಡಿದದ್ದು 34 ನಿಮಿಷದ ಮೇಲೆ. ಅಂದರೆ ಹದಿನೇಳು, ಹದಿನೆಂಟರ ವೇಗ. ಇದು ಇಡೀ ವರ್ಷದ ಸರಾಸರಿ. ಮಳೆ ಬಂದ ಸಂಜೆ ಸಿಲ್ಕ್ ಬೋರ್ಡ್‌ನಿಂದ ಮಾರತ್ತಹಳ್ಳಿಗೆ ಹೊರಟವನಿಗೆ ಈ ಸರಾಸರಿಯೂ ರೋಲರ್‌ಪುರದಷ್ಟೇ ದೂರ.

ಈ ಎರಡು ಊರುಗಳ ನಡುವೆ ಸಿಕ್ಕಿಬಿದ್ದಿರುವುದು ಆಟೋಮ್ಯಾಟಿಕ್ ಕಾರು. ಮೈಲೇಜು ಕಡಿಮೆ ಬಂದರೆ ಬೈಸಿಕೊಳ್ಳಲು ಅದೊಂದು ಇದೆಯಲ್ಲ! ‘ಆಟೋಮ್ಯಾಟಿಕ್ ಅಲ್ವಾ, ಕುಡಿಯುತ್ತೆ’ ಎಂದು ಎಲ್ಲರೂ ತಲೆಯಾಡಿಸುತ್ತಾರೆ. ಕಾಗದದ ಮೇಲೆ ನೋಡಿದರೆ ಕಥೆ ಉಲ್ಟಾ. 2021ರಲ್ಲಿ ಬಂದ ಸೆಲೆರಿಯೋದ ಮ್ಯಾನ್ಯುವಲ್‌ಗೆ ಕೊಟ್ಟ ಅಂಕಿ 25.24, ಅದೇ ಕಾರಿನ ಎಎಂಟಿ ಎಂಬ ಆಟೋಮ್ಯಾಟಿಕ್‌ಗೆ 26.68. ಕ್ಲಚ್ ಒತ್ತುವ ಕೆಲಸವನ್ನು ಕಂಪ್ಯೂಟರಿಗೆ ಕೊಟ್ಟರೆ ಪೆಟ್ರೋಲ್ ಉಳಿಯುತ್ತದಂತೆ. ರೋಲರ್‌ಪುರದಲ್ಲಿ ಅದು ನಿಜವೂ ಹೌದು. ಖಾಲಿ ರಸ್ತೆ, ಮುಂದೆ ಏನು ಬರುತ್ತದೆಂದು ಮೊದಲೇ ಗೊತ್ತು, ಕಂಪ್ಯೂಟರ್ ಆರಾಮಾಗಿ ಮೇಲಿನ ಗೇರಿಗೆ ಏರುತ್ತದೆ. ಟಿನ್ ಫ್ಯಾಕ್ಟರಿ ಬಳಿ ಪಾಪ ಅದಕ್ಕೆ ತಲೆಯೇ ಓಡುವುದಿಲ್ಲ. ಎರಡನೇ ಗೇರಿಗೆ ಹೋಗಲೇ ಎಂದು ಯೋಚಿಸುತ್ತದೆ, ಒಮ್ಮೆ ತೂಗಿ ಹೋಗುತ್ತದೆ. ಅಷ್ಟರಲ್ಲಿ ಮುಂದಿನ ಬಿಎಂಟಿಸಿ ಬಸ್ಸು ನಿಂತಿರುತ್ತದೆ, ವಾಪಸು ಒಂದಕ್ಕೆ.

ಟಾರ್ಕ್ ಕನ್ವರ್ಟರ್ ಇರುವ ಕಾರಿನ ಸಂಕಟ ಇನ್ನೊಂದು ಬಗೆಯದು. ಅಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ಸುತ್ತುತ್ತಿರುತ್ತದೆ. ವೇಗ ಸ್ವಲ್ಪ ಕುದುರಿದ ಮೇಲೆ ಒಳಗಿನ ಕ್ಲಚ್ಚೊಂದು ಎರಡನ್ನೂ ಬೆಸೆದು, ಸೋರಿಹೋಗುವ ಶಕ್ತಿಯನ್ನು ತಡೆಯುತ್ತದೆ. ಆದರೆ ವೇಗ ಕುದುರಬೇಕಲ್ಲ. ಔಟರ್ ರಿಂಗ್ ರೋಡಿನಲ್ಲಿ ಬದುಕಿ ಬಾಳಿದ ಕಾರಿಗೆ ಆ ಯೋಗ ಬರುವುದು ದಸರಾ ರಜೆಯಲ್ಲಿ ಮಾತ್ರ. ಸಿಗ್ನಲ್ಲಿನಲ್ಲಿ ಡಿ ಹಾಕಿ ಬ್ರೇಕ್ ಒತ್ತಿ ನಿಂತಾಗ, ಇಂಜಿನ್ ಮುಂದೆ ತಳ್ಳುತ್ತದೆ, ನಿಮ್ಮ ಕಾಲು ಹಿಂದೆ ಹಿಡಿಯುತ್ತದೆ, ಎರಡರ ಜಗಳದ ಖರ್ಚು ಟ್ಯಾಂಕಿನದು. ಏಸಿ ಹಾಕಿಕೊಂಡು ಸುಮ್ಮನೆ ನಿಂತರೂ ಮನೆಬಳಕೆಯ ಪೆಟ್ರೋಲ್ ಕಾರು ಗಂಟೆಗೆ ಮುಕ್ಕಾಲು ಲೀಟರೋ, ಒಂದು ಲೀಟರೋ ಮುಗಿಸುತ್ತದೆ. ಆ ಹೊತ್ತಿನಲ್ಲಿ ಅದು ಕೊಡುವ ಮೈಲೇಜು ಸೊನ್ನೆ. ಈ ವಿಷಯದಲ್ಲಿ ಮ್ಯಾನ್ಯುವಲ್, ಆಟೋಮ್ಯಾಟಿಕ್ ಎಂಬ ಭೇದವೇ ಇಲ್ಲ.

ಹದಿನೆಂಟು, ಹತ್ತೊಂಬತ್ತು ಎಂದು ಬರೆಸಿಕೊಂಡ ಟರ್ಬೊ ಪೆಟ್ರೋಲ್ ಆಟೋಮ್ಯಾಟಿಕ್ ಊರೊಳಗೆ ಒಂಬತ್ತು ಹತ್ತಕ್ಕೆ ಬಂದು ನಿಂತಾಗ ಮಾಲೀಕ ಮೊದಲು ಹೋಗುವುದು ಸರ್ವಿಸ್ ಸೆಂಟರಿಗೆ. ಅಲ್ಲಿ ಕೂತ ಹುಡುಗನಿಗೆ ಇದಕ್ಕೆ ಮೂರು ಉತ್ತರ ಕಲಿಸಿರುತ್ತಾರೆ.

‘ಮೊದಲ ಸರ್ವಿಸ್ ಆಗ್ಲಿ ಸರ್, ಇಂಜಿನ್ ಇನ್ನೂ ಫ್ರೀ ಆಗಿಲ್ಲ.’

ಮೊದಲ ಸರ್ವಿಸ್ ಆದ ಮೇಲೆ: ‘ಮೂರನೇದು ಮುಗೀಲಿ ಸರ್.’

ಮೂರನೆಯದು ಮುಗಿದ ಮೇಲೆ: ‘ಸರ್, ಅದು ನಿಮ್ಮ ಡ್ರೈವಿಂಗ್ ಸ್ಟೈಲ್ ಮೇಲೆ ಹೋಗುತ್ತೆ.’

ಅಷ್ಟು ಹೊತ್ತಿಗೆ ವಾರಂಟಿಯೂ ಅರ್ಧ ಮುಗಿದಿರುತ್ತದೆ, ಮಾಲೀಕನ ಆತ್ಮವಿಶ್ವಾಸವೂ.

ಇಷ್ಟೆಲ್ಲ ಆದರೂ ಅವನು ಹೊರಗೆ ಬಾಯಿ ಬಿಡುವುದಿಲ್ಲ, ನೋಡಿ. ಕಂಪನಿ ಹೇಳಿದ ಸುಳ್ಳನ್ನು ಕಾಪಾಡುವ ಕೆಲಸವನ್ನು ಸಂಬಳವಿಲ್ಲದೆ ಮಾಡುವವನು ಅವನೇ. ಗೃಹಪ್ರವೇಶದ ಊಟಕ್ಕೆ ಕೂತಾಗ ಶಿವಮೊಗ್ಗದ ಭಾವ ಕೇಳುತ್ತಾರೆ: ‘ಏನಪ್ಪಾ, ಹೊಸ ಗಾಡಿ ಎಷ್ಟು ಕೊಡುತ್ತೆ?’ ‘ಸಿಟೀಲಿ ಹದಿನಾಲ್ಕು ಭಾವ, ಹೈವೇಲಿ ಹತ್ತೊಂಬತ್ತು ಇಪ್ಪತ್ತಕ್ಕೆ ಮೋಸ ಇಲ್ಲ.’ ಪಕ್ಕದ ಎಲೆಯಲ್ಲಿ ಕೂತ ಹೆಂಡತಿ ಪಾಯಸದ ಕಡೆ ನೋಡುತ್ತಾಳೆ. ಬಂಕಿನಲ್ಲಿ ಯುಪಿಐ ಮಾಡುವವಳು ಅವಳು.

ಹದಿನೈದು ಲಕ್ಷ ಸುರಿದು, ಐದು ವರ್ಷದ ಕಂತು ಕಟ್ಟಿಕೊಂಡು, ಒಂಬತ್ತು ಕೊಡುತ್ತೆ ಎಂದು ಹೇಳುವುದಕ್ಕೆ ಗಂಡೆದೆ ಸಾಲದು. ಅದಕ್ಕೇ ಪುರಾವೆ ಸೃಷ್ಟಿಯಾಗುತ್ತದೆ. ಭಾನುವಾರ ಮುಂಜಾನೆ ಕೆಂಗೇರಿ ದಾಟಿದ ಮೇಲೆ ಟ್ರಿಪ್ ಮೀಟರನ್ನು ಸೊನ್ನೆ ಮಾಡುತ್ತಾನೆ. ಮೈಸೂರು ರಸ್ತೆಯಲ್ಲಿ ಎಂಬತ್ತಕ್ಕೆ ಕಟ್ಟಿಹಾಕಿದ ಹಾಗೆ ಹೋಗುತ್ತಾನೆ. ಡ್ಯಾಶ್‌ಬೋರ್ಡಿನಲ್ಲಿ 21.3 ಕಂಡ ಕೂಡಲೇ ‘ಫೋಟೋ ತಗೀ, ಬೇಗ ತಗೀ’ ಎಂದು ಮಗನಿಗೆ ಆಜ್ಞೆ. ಅದು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇಪ್ಪತ್ತನಾಲ್ಕು ಗಂಟೆ, ಅವನ ಮಾತಿನಲ್ಲಿ ಐದು ವರ್ಷ ಇರುತ್ತದೆ. ಇನ್ನೂ ಪಳಗಿದವರು ನಂದಿ ಬೆಟ್ಟದ ತುದಿಯಲ್ಲಿ ಸೊನ್ನೆ ಮಾಡಿಕೊಳ್ಳುತ್ತಾರೆ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಯುವಾಗ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ಪರದೆಯ ಮೇಲೆ ಅಂಕಿ ತೊಂಬತ್ತು ದಾಟುತ್ತದೆ. ಬೆಟ್ಟ ಹತ್ತುವಾಗಿನ ಅಂಕಿಯ ಫೋಟೋ ಇಡೀ ಕರ್ನಾಟಕದಲ್ಲಿ ಯಾರ ಬಳಿಯೂ ಇದ್ದಂತಿಲ್ಲ.

ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಭಾಗಿಸುವ ಹಳೇ ಲೆಕ್ಕ ಒಂದಿದೆ. ಅದನ್ನು ಅವನು ಮಾಡುವುದಿಲ್ಲ. ರಕ್ತ ಪರೀಕ್ಷೆ ಮಾಡಿಸದವನಿಗೆ ಸಕ್ಕರೆ ಕಾಯಿಲೆ ಇರುವುದಿಲ್ಲ.

ಕೇರಳದ ತ್ರಿಶ್ಶೂರಿನಲ್ಲಿ ಒಬ್ಬ ಹೆಂಗಸು ಈ ಒಪ್ಪಂದ ಮುರಿದರು. 2014ರಲ್ಲಿ ಕೊಂಡ ಕಾರಿಗೆ 32 ಕಿಲೋಮೀಟರ್ ಎಂದು ಜಾಹೀರಾತು ಕೊಟ್ಟಿದ್ದರು. ಅಷ್ಟು ಬರಲಿಲ್ಲವೆಂದು ಗ್ರಾಹಕ ನ್ಯಾಯಾಲಯಕ್ಕೆ ಹೋದರು. ತಜ್ಞರು ಓಡಿಸಿ ನೋಡಿದಾಗ ಸುಮಾರು ಶೇ. 40 ಕಡಿಮೆ ಬಂತು. 2022ರಲ್ಲಿ 3.10 ಲಕ್ಷ ರೂಪಾಯಿ ಕೊಡಬೇಕೆಂದು ತೀರ್ಪಾಯಿತು. ಅದು ಆಟೋಮ್ಯಾಟಿಕ್ ಅಲ್ಲ, ಡೀಸೆಲ್ ಗಾಡಿ, ಆ ಮಾತು ಬೇರೆ. ನಮ್ಮ ಅಪಾರ್ಟ್‌ಮೆಂಟಿನ ಗಂಡಸರಿಗೆ ಈ ಸುದ್ದಿ ತೋರಿಸಿದರೆ ಅವರು ಮೊದಲು ಕೇಳುವುದು, ‘ಅಷ್ಟು ಜನರ ಮುಂದೆ ಒಪ್ಪಿಕೊಂಡರಾ?’ ಎಂದು.

ರೋಲರ್‌ಪುರದ ಅಂಕಿಯ ಮೇಲೆ ಬದುಕುವವರು ಇನ್ನೂ ಇದ್ದಾರೆ. ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಕಿಲೋಮೀಟರಿಗೆ ಸುಮಾರು 113 ಗ್ರಾಂ ಒಳಗೆ ಇರಬೇಕೆಂಬ ನಿಯಮ 2022-23ರಿಂದ ಇದೆ. ಅದನ್ನು ಅಳೆಯುವುದೂ ರೋಲರ್‌ಪುರದಲ್ಲೇ. ಆದ್ದರಿಂದ ಭಾರತದ ಆಕಾಶ ಎಲ್ಲಿಯಾದರೂ ನಿಯಮದಂತೆ ಶುಭ್ರವಾಗಿದ್ದರೆ ಅದು ಆ ಊರಿನ ಮೇಲೆ. ನಾವು ಉಸಿರಾಡುವುದು ಹೆಬ್ಬಾಳದಲ್ಲಿ.

ಇನ್ನು ಖಜಾನೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ ಮೂರು ರೂಪಾಯಿ ಹೆಚ್ಚಾಯಿತು. ತೆರಿಗೆ ಬೀಳುವುದು ಸುಟ್ಟ ಲೀಟರಿಗೆ, ಹೋದ ದೂರಕ್ಕಲ್ಲ. ಕಾರು ಒಂದೂವರೆ ಗಂಟೆ ನಿಂತರೆ ಒಂದೂವರೆ ಗಂಟೆಯ ಆದಾಯ. ಜಗತ್ತಿನ ಬೇರೆ ಊರುಗಳು ಜನ ಕಾರು ತಂದರೆ ದಂಡ ಹಾಕಲು ಕ್ಯಾಮೆರಾ, ಗೇಟು ಎಂದು ಕೋಟಿಗಟ್ಟಲೆ ಖರ್ಚು ಮಾಡುತ್ತವೆ. ನಮ್ಮಲ್ಲಿ ಒಂದು ಕಾಮಗಾರಿಯ ಗುಂಡಿ ಮುಚ್ಚದೆ ಬಿಟ್ಟರೆ ಸಾಕು. ಹೀಗೆಂದು ಯಾರೋ ಯೋಜನೆ ಹಾಕಿ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಯೋಜನೆ ಹಾಕಿದ್ದರೆ ಇಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲ.

ಅದರ ಮೇಲೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇ20 ಹಾಕಿದರೆ ಹಳೆಯ ಕಾರುಗಳ ಇಂಧನ ದಕ್ಷತೆ ಶೇ. 6ರಿಂದ 7 ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಬರೆದಿತ್ತು. ಶೇ. 20 ಬೆರೆಸಿದ ಮೇಲೆ ಲೀಟರಿನ ಬೆಲೆ ಇಳಿಯಬೇಕಿತ್ತಲ್ಲ ಎಂದು ಕೇಳುವವರು ರೈತರ ವಿರೋಧಿಗಳು.

ಹಾಗಾದರೆ ಹೈಬ್ರಿಡ್ ತಗೊಳ್ಳಿ ಅನ್ನುತ್ತಾರೆ ಸೇಲ್ಸ್ ಹುಡುಗರು. ಅದು ನಿಜವಾಗಿ ಬೆಂಗಳೂರಿಗಾಗಿಯೇ ಹುಟ್ಟಿದ ಆಟೋಮ್ಯಾಟಿಕ್. ಟ್ರಾಫಿಕ್ಕಿನಲ್ಲಿ ಇಂಜಿನ್ ಆರಿಸಿ ಬ್ಯಾಟರಿಯಲ್ಲಿ ತೆವಳುತ್ತದೆ, ಬ್ರೇಕ್ ಒತ್ತಿದಾಗಲೆಲ್ಲ ಚಾರ್ಜ್ ಮಾಡಿಕೊಳ್ಳುತ್ತದೆ, ಹೈವೇಗಿಂತ ಊರೊಳಗೆ ಹೆಚ್ಚು ಕೊಟ್ಟರೂ ಆಶ್ಚರ್ಯವಿಲ್ಲ. ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗೆ ರೋಲರ್‌ಪುರ ಕೊಟ್ಟದ್ದು 27.97. ಇಲ್ಲಿ ಇಪ್ಪತ್ತು ಬಂತೆನ್ನಿ, ಆದರೂ ದೊಡ್ಡದೇ. ಹಾಳೆ ತೆಗೆದು ಲೆಕ್ಕ ಹಾಕಿ: ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್, ಹನ್ನೆರಡು ಕೊಡುವ ಕಾರಿನ ಬದಲು ಇಪ್ಪತ್ತು ಕೊಡುವ ಕಾರು. ಉಳಿತಾಯ 333 ಲೀಟರ್, ಲೀಟರಿಗೆ ನೂರಮೂರು ಹಿಡಿದರೂ ಮೂವತ್ತನಾಲ್ಕು ಸಾವಿರ. ಹೈಬ್ರಿಡ್‌ಗೆ ಮೂರು ಲಕ್ಷ ಹೆಚ್ಚು ಕೊಟ್ಟವನ ದುಡ್ಡು ವಾಪಸು ಬರುವ ಹೊತ್ತಿಗೆ ಒಂಬತ್ತನೇ ವರ್ಷ.

ಆಟೋಮ್ಯಾಟಿಕ್‌ನ ಪರವಾಗಿ ನನ್ನದೊಂದು ಮಾತಿದೆ, ಅದನ್ನು ಯಾವ ಷೋರೂಮಿನವನೂ ಹೇಳುವುದಿಲ್ಲ. ಕಚೇರಿಗೆ ಹೋಗಿ ಬರುವಷ್ಟರಲ್ಲಿ ಕ್ಲಚ್ ಒತ್ತಿ ಒತ್ತಿ ಎಡಮೊಣಕಾಲು ಹಿಡಿದುಕೊಂಡವರು ಲೀಟರಿಗೆ ಎರಡು ಕಿಲೋಮೀಟರ್ ಬಿಟ್ಟುಕೊಟ್ಟು ಮೂಳೆ ಡಾಕ್ಟರರ ಫೀಸು ಉಳಿಸಿಕೊಂಡಿದ್ದಾರೆ. ಅವರ ಎಡಗಾಲು ವಾಲಂಟರಿ ರಿಟೈರ್‌ಮೆಂಟ್ ತಗೊಂಡು ಸುಖವಾಗಿದೆ. ಇದು ನ್ಯಾಯವಾದ ವ್ಯಾಪಾರ. ಆದರೆ ಮೊಣಕಾಲಿನ ಫೋಟೋ ಸ್ಟೇಟಸ್ಸಿಗೆ ಹಾಕಲಾಗುವುದಿಲ್ಲ.

ಐದು ವರ್ಷವಾಗುತ್ತದೆ, ಕಂತು ಮುಗಿಯುತ್ತದೆ, ಗಾಡಿ ಮಾರುವ ಮನಸ್ಸಾಗುತ್ತದೆ. ತುಮಕೂರಿನ ಕಡೆಯಿಂದ ಒಬ್ಬರು ಫೋನ್ ಮಾಡುತ್ತಾರೆ.

‘ಸರ್, ಆಟೋಮ್ಯಾಟಿಕ್ ಅಂತೆ. ಎಷ್ಟು ಕೊಡುತ್ತೆ?’

‘ಕಂಪನಿಯವರು ಹತ್ತೊಂಬತ್ತು ಅಂತಾರೆ. ನಾನು ನೋಡ್ಕೊಂಡು ಓಡಿಸ್ತೀನಿ, ಹದಿನೇಳಕ್ಕೆ ಕಮ್ಮಿ ಯಾವತ್ತೂ ಬಂದಿಲ್ಲ.’

‘ಟೆಸ್ಟ್ ಡ್ರೈವ್‌ಗೆ ಶುಕ್ರವಾರ ಸಂಜೆ ಬರಲಾ ಸರ್?’

‘ಶುಕ್ರವಾರ ಬೇಡಪ್ಪಾ, ಮನೇಲಿ ಪೂಜೆ ಇದೆ. ಭಾನುವಾರ ಬೆಳಿಗ್ಗೆ ಐದೂವರೆಗೆ ನೈಸ್ ರೋಡ್ ಟೋಲ್ ಹತ್ರ ಬಂದ್ಬಿಡಿ. ಏಸಿ ಏನೂ ಬೇಕಾಗಲ್ಲ, ತಂಪಾಗಿರುತ್ತೆ. ಮತ್ತೆ, ಒಬ್ಬರೇ ಬನ್ನಿ.’