ಮೇಷ್ಟ್ರು ಬಂದರು, ಅಕ್ಷರ ಬರಲಿಲ್ಲ

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬುದು ಹಳೇ ನಂಬಿಕೆ. ಸಿದ್ದರಾಮಯ್ಯ ಹಲವು ಸಲ ಬಂದು ಹೋಗಿ ಅದನ್ನು ಮುರಿದರು. ಸುದ್ದಿ ಮೊಬೈಲ್ ಸಿಗ್ನಲ್‌ಗೆ ಮಾತ್ರ ಇನ್ನೂ ಮುಟ್ಟಿಲ್ಲ. ಅದು ಈಗಲೂ ಊರಾಚೆ ನಿಂತು ಮೀನ ಮೇಷ ಎಣಿಸುತ್ತಿದೆ.

2020ರಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಆನ್‌ಲೈನ್ ಶಿಕ್ಷಣದ ಭಾಷಣಗಳ ಬೀಗ ತೆರೆಯಿತು. ಯಾವ ಮೂಲೆಯ ಮಗುವಾದರೂ ಯಾವ ದೇಶದ ಪಾಠವನ್ನಾದರೂ ಕೇಳಬಹುದಂತೆ. ಮೂಲೆ ಎಂದರೆ ಬೆಂಗಳೂರಿನ ಮೂಲೆ. ಕಾಡಂಚಿನ ಮಗು ಸಿಗ್ನಲ್ ಹುಡುಕಿ ದಿಬ್ಬ ಹತ್ತಿತು. ನಾವು ಅದರ ಛಲವನ್ನು ಕೊಂಡಾಡಿದೆವು. ಟವರ್ ಹಾಕುವುದಕ್ಕಿಂತ ಕೊಂಡಾಡುವುದು ಅಗ್ಗ.

ಬಂಡೀಪುರದ ಅಂಚಿನಲ್ಲಿ ಟವರ್ ಕೇಳಿ ನೋಡಿ. ತಕ್ಷಣ ಹುಲಿ ನೆನಪಾಗುತ್ತದೆ. ಇರಲಿ, ಹುಲಿಗೆ ನಾವೂ ಕೈ ಮುಗಿಯುತ್ತೇವೆ. ಆದರೆ ರೆಸಾರ್ಟಿನಲ್ಲಿ ವೈಫೈ ಇದೆಯಲ್ಲ, ಆ ಹುಲಿ ಅಲ್ಲಿಗೆ ಬರುವುದಿಲ್ಲವೇ? ಮೊಬೈಲ್ ಕಾಟ ತಪ್ಪಲೆಂದು ಸಾವಿರಾರು ರೂಪಾಯಿ ತೆತ್ತು ಬಂದವರಿಗೆ ವೈಫೈ. ಹಾಡಿಯ ಹುಡುಗನಿಗೆ ಮೊಬೈಲ್ ಇಲ್ಲದ ನೆಮ್ಮದಿ, ಅದೂ ಪುಕ್ಕಟೆ.

ಗುಂಡ್ಲುಪೇಟೆಯಲ್ಲಿ ಸೂರ್ಯಕಾಂತಿ ಅರಳಿದರೆ ಹೆದ್ದಾರಿ ಬದಿಯಲ್ಲಿ ರೀಲ್ಸ್ ಜಾತ್ರೆ. ಎಲ್ಲವೂ ನಿಂತಲ್ಲೇ ಅಪ್‌ಲೋಡ್. ಅದೇ ಹೊಲದವನ ಮಗಳ ಪಾಠ ಮನೆಯೊಳಗೆ ಗಿರಗಿರ ಸುತ್ತುತ್ತಿರುತ್ತದೆ.

ಸರ್ಕಾರ ಸುಮ್ಮನೆ ಕೂತಿಲ್ಲ. ಎರಡೂವರೆ ಲಕ್ಷ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಆಮೇಲೆ ಗಡುವು ಬದಲಾಯಿತು, ಹೆಸರು ಬದಲಾಗಿ ಭಾರತ್‌ನೆಟ್ ಆಯಿತು. 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ಇನ್ನೊಂದು ಸಾಧನೆ: 512 ಕೆಬಿಪಿಎಸ್ ಇದ್ದ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗ 2 ಎಂಬಿಪಿಎಸ್‌ಗೆ ಏರಿತು. ಕಾಗದದ ಮೇಲೆ. ಕಾಗದ ಯಾವತ್ತೂ ಬಫರ್ ಆಗುವುದಿಲ್ಲ.

ದಿನದ ಡೇಟಾ ಮುಗಿದ ಮೇಲೂ 'ಅನ್‌ಲಿಮಿಟೆಡ್' ಅನ್ನುತ್ತಾರೆ ಕಂಪನಿಯವರು. ವೇಗ 64 ಕೆಬಿಪಿಎಸ್. ಲೆಕ್ಕ ಹಾಕಿ. 512ರ ವೇಗಕ್ಕೆ ತಯಾರಾದ ಒಂದು ಗಂಟೆಯ ಪಾಠ ಇಳಿಯಲು ಎಂಟು ಗಂಟೆ ಬೇಕು. ಅನ್‌ಲಿಮಿಟೆಡ್ ಆಗಿರುವುದು ಮಗುವಿನ ತಾಳ್ಮೆ.

ಇನ್ನು ಪಾಠ ಮಾಡುವವರ ಜಾಣತನ. ಸ್ಟುಡಿಯೊ, ಲೈಟು, ಹೈ ಡೆಫಿನಿಷನ್. ಮೇಷ್ಟ್ರ ಶರ್ಟಿನ ಗುಂಡಿ ಎಣಿಸಬಹುದು. ವಿಡಿಯೊವನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ನಾಲ್ಕಾರು ದರ್ಜೆ ಇಟ್ಟಿರುತ್ತಾರೆ. ನೆಟ್ ಸೊರಗಿದರೆ ಕೊನೇ ದರ್ಜೆಯದು ಬರುತ್ತದೆ, 144ಪಿ. ಮೇಷ್ಟ್ರ ಮುಖ ಮಸುಕಾದರೆ ನಷ್ಟವಿಲ್ಲ. ಆದರೆ ಬೋರ್ಡಿನ ಮೇಲೆ 3 ಯಾವುದು, 8 ಯಾವುದು? ವರ್ಗದ ಗುರುತಾದ ಪುಟ್ಟ 2 ಎಲ್ಲಿ ಹೋಯಿತು? ಒತ್ತಕ್ಷರಗಳೆಲ್ಲ ಸಾಲಾಗಿ ಇರುವೆಗಳು.

ಬೋರ್ಡು ಹತ್ತು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಅಷ್ಟಕ್ಕೆ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಯಾಕೆ? ದನಿ ಕಳಿಸಿ, ಜೊತೆಗೆ ಬೋರ್ಡಿನ ನಾಲ್ಕು ಸ್ಪಷ್ಟ ಫೋಟೊ ಕಳಿಸಿ. 24 ಕೆಬಿಪಿಎಸ್‌ನಲ್ಲಿ ಮಾತು ಚೆನ್ನಾಗಿಯೇ ಕೇಳುತ್ತದೆ; ಗಂಟೆಗೆ 11 ಎಂಬಿ ಸಾಕು. ಡೇಟಾ ಮುಗಿದು ತೆವಳುವ 64ರಲ್ಲೂ ತಡೆಯಿಲ್ಲದೆ ಬರುತ್ತದೆ. ಬರೀ ದನಿಯನ್ನೇ ಊರೂರಿಗೆ ಮುಟ್ಟಿಸುವುದನ್ನು ಪಕ್ಕದ ಮೈಸೂರಿನವರು 1935ರಲ್ಲೇ ಮಾಡಿ ತೋರಿಸಿದರು, ಆಕಾಶವಾಣಿ ಎಂದು ಹೆಸರನ್ನೂ ಇಟ್ಟರು.

ಆದರೆ 11 ಎಂಬಿಗೆ ಯಾರು ಟೇಪು ಕತ್ತರಿಸುತ್ತಾರೆ? ಟೆಂಡರ್ ಎಲ್ಲಿ, ಹಾರ ಎಲ್ಲಿ?

ವೇಗ ಸಾಲದಿದ್ದರೆ ಸುಮ್ಮನೆ ಗೊಣಗಬೇಡಿ. ವೇಗ ಅಳೆದು ವರದಿ ಕಳಿಸಲೆಂದೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನವರ ಮೈಸ್ಪೀಡ್ ಆ್ಯಪ್ ಇದೆ. ನೆಟ್ ಇರುವ ಊರಿಗೆ ಹೋಗಿ ಡೌನ್‌ಲೋಡ್ ಮಾಡಿಕೊಂಡು ಬನ್ನಿ.